ಗಣಕಪರೀಕ್ಷೆಯೂ ಅಚೌರ್ಯವೂ

ತಕ್ಕಡಿಯ ಮೇಲೆ ಸರ್ಕಾರದ ಮುದ್ರೆಯಿದ್ದ ಮಾತ್ರಕ್ಕೆ ವ್ಯಾಪಾರ ಶುದ್ಧವಾಗದೆಂಬುದನ್ನು ದಾವಣಗೆರೆ, ಹರಿಹರಗಳ ಮಂಡಿ ವರ್ತಕರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಮಕ್ಕಳ ಪರೀಕ್ಷೆಯ ವಿಷಯ ಬಂದಾಗ ಇದೇ ಜನ ಯಂತ್ರದ ಮುದ್ರೆಯನ್ನು ಕಣ್ಣುಮುಚ್ಚಿ ನಂಬುತ್ತಾರೆ. ಪರೀಕ್ಷೆ ಕಂಪ್ಯೂಟರಿನಲ್ಲಿ ನಡೆದರೆ ನಕಲು ತಾನಾಗಿಯೇ ನಿಲ್ಲುವುದೆಂಬ ಮಾತು ಅರ್ಧಸತ್ಯ.

ತಂತ್ರಾಂಶ ಮಾಡಬಲ್ಲ ಕೆಲಸ ಸಣ್ಣದಲ್ಲ. ಅದು ಒಬ್ಬೊಬ್ಬ ವಿದ್ಯಾರ್ಥಿಗೂ ಪ್ರಶ್ನೆಗಳ ಕ್ರಮವನ್ನು ಬದಲಿಸುತ್ತದೆ; ಪರೀಕ್ಷೆಯ ಪರದೆಯನ್ನು ಬಿಟ್ಟು ಬೇರೊಂದು ತೆರೆಯದಂತೆ ತಡೆಯುತ್ತದೆ; ಯಾವ ಉತ್ತರವನ್ನು ಯಾವ ಕ್ಷಣದಲ್ಲಿ ಗುರುತಿಸಲಾಯಿತೆಂಬುದನ್ನು ಬರೆದಿಡುತ್ತದೆ. ಆದರೆ ಈ ಕಾವಲೆಲ್ಲ ಹದಿನೆಂಟು ವರ್ಷದ ಹುಡುಗನ ಮೇಲೆ. ಕೀಲಿ ಹಿಡಿದವರನ್ನು ಕಾಯುವವರಾರು? 2021ರ ಜೆಇಇ ಮೇನ್ ಪರೀಕ್ಷೆ ಕಂಪ್ಯೂಟರಿನಲ್ಲಿಯೇ ನಡೆಯಿತು. ಹರಿಯಾಣದ ಸೋನಿಪತ್ತಿನ ಕೇಂದ್ರವೊಂದರ ಯಂತ್ರಗಳಿಗೆ ದೂರದಿಂದ ಉತ್ತರ ತುಂಬಲಾಯಿತೆಂಬುದು ಸಿಬಿಐ ಆರೋಪ. ತಂತ್ರಾಂಶವನ್ನು ಭೇದಿಸಿದ ಆರೋಪದ ಮೇಲೆ 2022ರಲ್ಲಿ ರಷ್ಯಾದ ಪ್ರಜೆಯೊಬ್ಬನ ಬಂಧನವಾಯಿತು. ಅದೇ 2021ರಲ್ಲಿ ಕರ್ನಾಟಕದ 545 ಪಿಎಸ್‌ಐ ಹುದ್ದೆಗಳಿಗೆ ಕಾಗದದ ಮೇಲೆ ನಡೆದ ಪರೀಕ್ಷೆಯಲ್ಲಿ ಉತ್ತರಪತ್ರಿಕೆ ತಿದ್ದಿದ ಆರೋಪ ಬಂದು, ನೇಮಕಾತಿಯ ಹೊಣೆ ಹೊತ್ತಿದ್ದ ಹಿರಿಯ ಅಧಿಕಾರಿಯೇ ಬಂಧಿತರಾದರು. ಕಾಗದವಾಗಲಿ, ಗಣಕವಾಗಲಿ, ಸಂಶಯ ಬಂದು ನಿಂತದ್ದು ಬೀಗದ ಕೈ ಇದ್ದಲ್ಲಿ.

ಆದುದರಿಂದ ತಂತ್ರಾಂಶ ರಚಿಸುವವರು ಬಸದಿಯ ಹುಂಡಿಯನ್ನೂ ವರ್ತಕನ ದಿನವಹಿಯನ್ನೂ ನೋಡಿ ಕಲಿಯಲಿ. ಹುಂಡಿಯನ್ನು ಒಬ್ಬನೇ ತೆರೆಯತಕ್ಕದ್ದಲ್ಲ. ಪ್ರಶ್ನೆಪತ್ರಿಕೆಯ ಗುಪ್ತಸಂಕೇತವೂ ಇಬ್ಬರು ಕೂಡದೆ ಬಿಚ್ಚಬಾರದು. ದಿನವಹಿಯಲ್ಲಿ ಬರೆದದ್ದನ್ನು ಕೆರೆದು ಅಳಿಸುವಂತಿಲ್ಲ. ತಪ್ಪಾದರೆ ಎದುರು ನಮೂದು ಹಾಕಬೇಕು. ಹಾಗೆಯೇ ಕೇಂದ್ರದ ಸಿಬ್ಬಂದಿ ಯಂತ್ರವನ್ನು ಮುಟ್ಟಿದ ಪ್ರತಿ ಸಲವೂ ಅಳಿಸಲಾಗದ ದಾಖಲೆಯಾಗಲಿ. ಅದನ್ನು ಹೊರಗಿನ ಪರಿಶೋಧಕರು ತಪಾಸಿಸಲಿ.

ಆದರೂ ಕೊಳ್ಳುವವನಿರುವ ತನಕ ಮಾರುವವನಿರುತ್ತಾನೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯಾಣುವ್ರತಕ್ಕೆ ಹೇಳುವ ಐದು ಅತಿಚಾರಗಳಲ್ಲಿ ಕಳ್ಳತನಕ್ಕೆ ಪ್ರೇರಣೆ ನೀಡುವುದೂ, ಕದ್ದುದನ್ನು ಸ್ವೀಕರಿಸುವುದೂ, ಕಳ್ಳತೂಕವೂ ಸೇರಿವೆ. ಮಗನ ಅಂಕಗಳಿಗಾಗಿ ದಲ್ಲಾಳಿಗೆ ಹಣ ಎಣಿಸುವ ತಂದೆಗೆ ಮೊದಲೆರಡೂ ಅಂಟುತ್ತವೆ. ತೂಕದಲ್ಲಿ ಒಂದು ಗುಂಜಿ ಕಡಿಮೆ ಮಾಡಲು ಅಂಜುವ ಶ್ರಾವಕನು ಇಲ್ಲೇಕೆ ಅಂಜುವುದಿಲ್ಲ? ಆ ಒಂದು ಸೀಟು ರಾತ್ರಿಯೆಲ್ಲ ಓದಿದ ಬಡವನ ಮಗಳಿಂದ ಕದ್ದುದೆಂಬುದು ಕಾಣದಷ್ಟು ಕುರುಡೇ?

ಟ್ರಸ್ಟುಗಳಿಗೂ ಇಲ್ಲಿ ಕರ್ತವ್ಯವಿದೆ. ವಿದ್ಯಾರ್ಥಿವೇತನ ಕೊಡುವಾಗ, ಪ್ರತಿಭಾ ಪುರಸ್ಕಾರದ ಶಾಲು ಹೊದಿಸುವಾಗ ಅಂಕಪಟ್ಟಿಯೊಂದನ್ನೇ ನೋಡುವ ರೂಢಿ ನಿಲ್ಲಲಿ. ವಿದ್ಯಾರ್ಥಿಯನ್ನು ಎದುರಿಗೆ ಕೂರಿಸಿ, ಕಲಿತ ವಿಷಯದಲ್ಲಿ ನಾಲ್ಕು ಪ್ರಶ್ನೆ ಕೇಳಲಿ. ಅದಕ್ಕೆ ಯಾವ ತಂತ್ರಾಂಶವೂ ಬೇಡ.