ಹಳೆಯ ಲಸಿಕೆ, ಹೊಸ ಪರೀಕ್ಷೆ

ಬೆಂಗಳೂರಿನ ಹಳೆಯ ಕೋಟೆಯ ಮಗ್ಗುಲಲ್ಲಿ, ಚಾಮರಾಜಪೇಟೆಗೆ ಸಮೀಪವಾಗಿ, 1935ರಿಂದ ತಾಯಂದಿರ ಸೇವೆಗೆ ನಿಂತಿರುವ ವಾಣಿವಿಲಾಸ ಆಸ್ಪತ್ರೆಯಲ್ಲಿ ಹುಟ್ಟುವ ಕೂಸು ಮನೆಯ ತೊಟ್ಟಿಲನ್ನು ಕಾಣುವ ಮೊದಲೇ ಅದರ ಎಡ ರಟ್ಟೆಗೆ ಸೂಜಿಯೊಂದು ತಾಗುತ್ತದೆ. ಕೆಲವು ವಾರಗಳಲ್ಲಿ ಅಲ್ಲಿ ಗುಳ್ಳೆಯೆದ್ದು, ಒಡೆದು, ಒಣಗಿ, ಕಲೆಯಾಗಿ ಉಳಿಯುತ್ತದೆ. ಬಸವನಗುಡಿಯಲ್ಲಾಗಲಿ ಮಲ್ಲೇಶ್ವರದಲ್ಲಾಗಲಿ ಶಾಲೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ನೋಡಿದರೆ ಬಹುತೇಕ ತೋಳುಗಳಲ್ಲಿ ಆ ಕಲೆ ಕಾಣುತ್ತದೆ. ಕ್ಷಯರೋಗಕ್ಕೆ ತಡೆಯಾಗಿ ಹಾಕುವ ಬಿ.ಸಿ.ಜಿ. ಲಸಿಕೆಯ ಮುದ್ರೆ ಅದು. ಈ ಅಗ್ಗದ, ನೂರು ವರ್ಷ ಹಳೆಯ ಲಸಿಕೆಯೇ ಎಳೆಯರನ್ನು ಕಾಡುವ ಮಧುಮೇಹಕ್ಕೂ ಮದ್ದಾದೀತೇ ಎಂಬ ಪ್ರಶ್ನೆ ಈಚಿನ ದಶಕಗಳಲ್ಲಿ ವೈದ್ಯಲೋಕದಲ್ಲಿ ಎದ್ದಿದೆ. ಉತ್ತರವನ್ನು ಬಾಸ್ಟನ್ನಿನಿಂದ ಕಾಯುತ್ತ ಕೂರುವುದು ಸಲ್ಲದು. ಅದನ್ನು ಈ ನೆಲದಲ್ಲಿಯೇ ಕಂಡುಕೊಳ್ಳಬೇಕು.

ಮಧುಮೇಹವೆಂದೊಡನೆ ನಡುವಯಸ್ಸು, ಬೊಜ್ಜು, ಸಿಹಿತಿಂಡಿಗಳೇ ನೆನಪಿಗೆ ಬರುವುದು ಲೋಕರೂಢಿ. ಆದರೆ ಸುಶ್ರುತನು ಬಹು ಹಿಂದೆಯೇ ಪ್ರಮೇಹವನ್ನು ಎರಡಾಗಿ ವಿಂಗಡಿಸಿ, ಒಂದು ಸಹಜವಾದುದು, ಇನ್ನೊಂದು ಅಪಥ್ಯದಿಂದ ಉಂಟಾದುದು ಎಂದನು. ಮೊದಲನೆಯ ರೋಗಿ ಕೃಶನೆಂದೂ ಎರಡನೆಯವನು ಸ್ಥೂಲನೆಂದೂ ಗುರುತಿಸಿದನು. ಇಂದಿನ ವೈದ್ಯರು ಒಂದನೆಯ ಬಗೆ, ಎರಡನೆಯ ಬಗೆ ಎಂದು ಮಾಡುವ ವಿಭಾಗವೇ ಇದೆಂದು ಸಾಧಿಸುವ ಉತ್ಸಾಹ ಬೇಡ. ಆದರೂ ಕಣ್ಣಿಗೆ ಬಿದ್ದ ಭೇದವನ್ನು ಮರೆಮಾಡದೆ ದಾಖಲಿಸಿದ ಆ ಪ್ರಾಮಾಣಿಕತೆ ಗಮನಾರ್ಹ. ಒಂದನೆಯ ಬಗೆಯಲ್ಲಿ, ಹೊರಗಿನ ರೋಗಾಣುಗಳನ್ನು ಕೊಲ್ಲಬೇಕಾದ ಬಿಳಿಯ ರಕ್ತಕಣಗಳೇ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಸ್ರವಿಸುವ ಕೋಶಗಳ ಮೇಲೆರಗಿ ಅವನ್ನು ನಾಶಮಾಡುತ್ತವೆ. ಇದಕ್ಕೆ ಪರಿಭಾಷೆ ಹುಡುಕುವವರು ಸಂಸ್ಕೃತದ ದೀರ್ಘಸಮಾಸಗಳನ್ನು ಕಟ್ಟುತ್ತಿದ್ದಾರೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂದ ಹಳ್ಳಿಯವನ ಮಾತಿಗೆ ಅವಾವುವೂ ಸಮವಲ್ಲ.

ಕರ್ನಾಟಕದಲ್ಲಿ 1995ರಿಂದ 2008ರವರೆಗೆ ನಡೆದ ಮಧುಮೇಹ ನೋಂದಣಿಯ ಲೆಕ್ಕದಂತೆ, ವರ್ಷವೊಂದಕ್ಕೆ ಲಕ್ಷಕ್ಕೆ ಸುಮಾರು 4 ಮಂದಿ ಎಳೆಯರಿಗೆ ಈ ರೋಗ ಹೊಸದಾಗಿ ತಗಲುತ್ತಿತ್ತು. ಸಂಖ್ಯೆ ಅಲ್ಪವೆನ್ನಿಸಬಹುದು. ಆದರೆ ಅಂಥ ಮಗುವೊಂದು ವಿದ್ಯಾರ್ಥಿನಿಲಯದಲ್ಲಿದ್ದರೆ, ಪಂಕ್ತಿಯಲ್ಲಿ ಎಲೆಯ ಮುಂದೆ ಕೂರುವ ಮುನ್ನ ಪ್ರತಿ ಸಲವೂ ಅದು ಸೂಜಿ ಚುಚ್ಚಿಕೊಳ್ಳಬೇಕು. ಊಟ ತಡವಾದರೆ ತಲೆಸುತ್ತಿ ಬೆವರುತ್ತದೆ. ಕಾರಣವನ್ನರಿಯದ ಉಪಾಧ್ಯಾಯರು ಸೋಮಾರಿಯೆಂದು ಗದರಿಸುತ್ತಾರೆ. ಇನ್ಸುಲಿನ್ ಒಂದು ದಿನ ತಪ್ಪಿದರೂ ಪ್ರಾಣಾಪಾಯ.

1921ನೆಯ ಇಸವಿ ಈ ಕಥೆಯಲ್ಲಿ ಎರಡು ಸಲ ಬರುತ್ತದೆ. ಕೆನಡಾದ ಟೊರಾಂಟೊ ನಗರದಲ್ಲಿ ಬಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ನನ್ನು ಬೇರ್ಪಡಿಸಿದ್ದು ಆ ವರ್ಷ. ಪ್ಯಾರಿಸ್ಸಿನಲ್ಲಿ ಶಿಶುವೊಂದಕ್ಕೆ ಬಿ.ಸಿ.ಜಿ.ಯನ್ನು ಮೊತ್ತಮೊದಲಿಗೆ ಕೊಟ್ಟದ್ದೂ ಆ ವರ್ಷವೇ. ಅದನ್ನು ಸಿದ್ಧಪಡಿಸಿದ ಕಾಲ್ಮೆಟ್ ಮತ್ತು ಗೆರಾನ್ ಎಂಬ ಫ್ರೆಂಚರ ತಪಸ್ಸು ಸಾಮಾನ್ಯವಲ್ಲ. ದನದ ಕ್ಷಯಾಣುವನ್ನು ಪಿತ್ತರಸದಲ್ಲಿ ಬೇಯಿಸಿದ ಆಲೂಗೆಡ್ಡೆಯ ಹೋಳುಗಳ ಮೇಲೆ ಬೆಳೆಸಿ, ಒಂದರಿಂದ ಇನ್ನೊಂದಕ್ಕೆ 230 ಸಲ ದಾಟಿಸಿ, 13 ವರ್ಷಗಳಲ್ಲಿ ಅದರ ವಿಷವನ್ನು ಇಳಿಸಿದರು. ಆ ನಡುವೆ ಮಹಾಯುದ್ಧವೊಂದು ನಡೆದು ಮುಗಿಯಿತು.

ಬಾಸ್ಟನ್ನಿನ ಮೆಸಾಚುಸೆಟ್ಸ್ ಜನರಲ್ ಆಸ್ಪತ್ರೆಯ ಡೆನಿಸ್ ಫೌಸ್ಟ್‌ಮನ್ ಎಂಬ ವೈದ್ಯೆಯ ತರ್ಕ ಹೀಗಿದೆ. ಬಿ.ಸಿ.ಜಿ. ದೇಹದಲ್ಲಿ ಒಂದು ರಾಸಾಯನಿಕವನ್ನು ಹೆಚ್ಚಿಸುತ್ತದೆ; ಅದು ದಾರಿತಪ್ಪಿದ ಬಿಳಿಕಣಗಳನ್ನು ಕೊಂದು, ಅವನ್ನು ಹದ್ದಿನಲ್ಲಿಡುವ ಕಣಗಳನ್ನು ಬಲಪಡಿಸುತ್ತದೆ. ಇಲಿಗಳಲ್ಲಿ ಪ್ರಯೋಗಿಸಿದ ಬಳಿಕ ಆಕೆ ಮನುಷ್ಯರಲ್ಲಿ ಪ್ರಯೋಗಿಸಿ 2012ರಲ್ಲಿ ಫಲಿತಾಂಶ ಪ್ರಕಟಿಸಿದಾಗ ಲಸಿಕೆ ಪಡೆದವರು ಮೂವರು ಮಾತ್ರ. 2018ರಲ್ಲಿ ಬಂದ ದೀರ್ಘಾವಧಿಯ ವರದಿಯಲ್ಲಿ, ಲಸಿಕೆ ಪಡೆದ ಬೆರಳೆಣಿಕೆಯ ವಯಸ್ಕರಲ್ಲಿ ಮೂರು ವರ್ಷಗಳ ಅನಂತರ ರಕ್ತದ ಸಕ್ಕರೆ ಗಣನೀಯವಾಗಿ ಇಳಿದು, ಮುಂದಿನ ವರ್ಷಗಳಲ್ಲಿಯೂ ಹಾಗೆಯೇ ನಿಂತಿತೆಂದು ಹೇಳಲಾಯಿತು. ಬಿಳಿಕಣಗಳೇ ಹೆಚ್ಚು ಸಕ್ಕರೆಯನ್ನು ಬಳಸತೊಡಗುವುದು ಇದಕ್ಕೆ ಕಾರಣವೆಂಬುದು ಆಕೆಯ ವಿವರಣೆ. 150 ಮಂದಿ ವಯಸ್ಕರನ್ನು ಆರಿಸಿಕೊಂಡ ದೊಡ್ಡ ಪರೀಕ್ಷೆ 2015ರಲ್ಲಿ ಆರಂಭವಾಯಿತು.

ಇದು ಒಂದು ಪಕ್ಷ. ಪೂರ್ವಪಕ್ಷವನ್ನು ಕೇಳದೆ ತೀರ್ಪು ಕೊಡುವುದು ಶಾಸ್ತ್ರಮರ್ಯಾದೆಯಲ್ಲ. ಅಮೆರಿಕದಲ್ಲಿಯೇ, ರೋಗ ಹೊಸದಾಗಿ ಕಾಣಿಸಿಕೊಂಡ 94 ಮಕ್ಕಳ ಮೇಲೆ ನಡೆಸಿ 1999ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಬಿ.ಸಿ.ಜಿ.ಯಿಂದ ಯಾವ ಪ್ರಯೋಜನವೂ ಕಾಣಲಿಲ್ಲ. ಫೌಸ್ಟ್‌ಮನ್ನರ 2018ರ ವರದಿ ಬಂದಾಗ ಅಲ್ಲಿನ ಮಧುಮೇಹ ಸಂಘವೂ ಮತ್ತೊಂದು ಪ್ರಮುಖ ಸಂಸ್ಥೆಯೂ ಕೂಡಿ, ಇಷ್ಟು ಕಡಮೆ ಜನರ ಫಲವನ್ನು ನಂಬಿ ಚಿಕಿತ್ಸೆಯನ್ನು ಬದಲಿಸಬಾರದೆಂದು ಎಚ್ಚರಿಸಿದವು. ಇದಕ್ಕಿಂತ ಹತ್ತಿರದ ಆಕ್ಷೇಪವೊಂದಿದೆ. ವಾಣಿವಿಲಾಸದಲ್ಲಿ ಹುಟ್ಟಿ ತೋಳಿನ ಮೇಲೆ ಕಲೆ ಹೊತ್ತ ಮಕ್ಕಳಲ್ಲಿಯೂ ಈ ರೋಗ ಬರುತ್ತದೆಯಲ್ಲ? ಹುಟ್ಟಿದಾಗ ಹಾಕಿದ ಒಂದು ಚುಚ್ಚು ತಡೆಯುವುದಿಲ್ಲವೆಂದಾದರೆ, ಬೆಳೆದ ಮೇಲೆ ಮರಳಿ ಮರಳಿ ಹಾಕಿದ್ದು ಗುಣಪಡಿಸೀತೆಂಬುದಕ್ಕೆ ಬೇರೆಯೇ ಪ್ರಮಾಣ ಬೇಕು.

ಆ ಪ್ರಮಾಣ ಬಾಸ್ಟನ್ನಿನಲ್ಲಿ ಸಿಕ್ಕರೂ ಇಲ್ಲಿಗೆ ಸಾಲದು. ಬ್ರಿಟನ್ನಿನ ಶಾಲಾಮಕ್ಕಳಲ್ಲಿ ಬಿ.ಸಿ.ಜಿ. ಕ್ಷಯವನ್ನು ಬಹುಮಟ್ಟಿಗೆ ತಡೆದಿತ್ತು. ಅದೇ ಲಸಿಕೆಯನ್ನು 1968ರಲ್ಲಿ ತಮಿಳುನಾಡಿನ ಚೆಂಗಲ್ಪಟ್ಟು ಜಿಲ್ಲೆಯಲ್ಲಿ ಎರಡೂವರೆ ಲಕ್ಷಕ್ಕೂ ಮಿಕ್ಕ ಜನರನ್ನು ಸೇರಿಸಿಕೊಂಡು ಪರೀಕ್ಷಿಸಲಾರಂಭಿಸಿದರು. ವಯಸ್ಕರ ಶ್ವಾಸಕೋಶದ ಕ್ಷಯಕ್ಕೆ ಅದು ತಡೆಯಾಗಲಿಲ್ಲವೆಂಬ ವರದಿ 1979ರಲ್ಲಿ ಬಂತು. 15 ವರ್ಷಗಳ ಲೆಕ್ಕ 1999ರಲ್ಲಿ ಹೊರಬಿದ್ದಾಗಲೂ ಆ ಮಾತು ಬದಲಾಗಲಿಲ್ಲ. ಮಣ್ಣಿನಲ್ಲಿಯೂ ನೀರಿನಲ್ಲಿಯೂ ಕ್ಷಯಾಣುವಿನ ದಾಯಾದಿಗಳು ತುಂಬಿರುವ ಈ ಸೀಮೆಯಲ್ಲಿ ಜನರ ದೇಹ ಮೊದಲೇ ಬೇರೆ ಪಾಠ ಕಲಿತಿರುವುದು ಇದಕ್ಕೆ ಒಂದು ಕಾರಣವಿರಬಹುದೆಂದು ತಜ್ಞರ ಊಹೆ. ಬಾಸ್ಟನ್ನಿನ ರೋಗಿಗಳಿಗೆ ಇಂಥ ಪೂರ್ವಸಂಸ್ಕಾರವಿಲ್ಲ. ಆದುದರಿಂದ ಅಲ್ಲಿ ಗೆದ್ದ ಮದ್ದು ಇಲ್ಲಿ ಸೋಲಬಹುದು. ಅಲ್ಲಿ ಸೋತದ್ದು ಇಲ್ಲಿ ಗೆಲ್ಲಲೂಬಹುದು.

ಬೆಂಗಳೂರಿಗೆ ಈ ಕಾರ್ಯ ಅಪರಿಚಿತವಲ್ಲ. 1959ರಲ್ಲಿ ಸ್ಥಾಪಿತವಾಗಿ ಬಳ್ಳಾರಿ ರಸ್ತೆಯಲ್ಲಿರುವ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ಅರುವತ್ತರ ದಶಕದಲ್ಲಿ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ಐದು ವರ್ಷಗಳ ಕಾಲ ಮನೆಮನೆಗೆ ಮರಳಿ ಹೋಗಿ, ರೋಗದ ಏರಿಳಿತವನ್ನು ಬರೆದಿಟ್ಟರು. ಅಷ್ಟು ತಾಳ್ಮೆಯೇ ಇದಕ್ಕೂ ಬೇಕು. ಸಕ್ಕರೆ ಇಳಿಯಲು ಮೂರು ವರ್ಷ ಹಿಡಿಯುವುದಾದರೆ ಆರು ತಿಂಗಳ ಪರೀಕ್ಷೆಯಿಂದ ಏನೂ ತಿಳಿಯದು.

ಉಳಿದದ್ದು ಹಣದ ಮಾತು. ಅಗ್ಗದ ಹಳೆಯ ಲಸಿಕೆಯಿಂದ ಔಷಧದ ಕಂಪೆನಿಗಳಿಗೆ ಲಾಭವಿಲ್ಲ. ಅವು ಇತ್ತ ತಿರುಗಿ ನೋಡುವ ಸಂಭವ ಕಡಮೆ. ಬಾಸ್ಟನ್ನಿನ ಪ್ರಯೋಗಕ್ಕೆ ಆಸರೆಯಾದವರಲ್ಲಿ ಮೋಟಾರು ಉದ್ಯಮಿ ಲೀ ಅಯಕೋಕ ಅವರ ಕುಟುಂಬದ ದತ್ತಿ ಮುಖ್ಯವಾದುದು. ಅವರ ಪತ್ನಿ ಇದೇ ರೋಗದ ಉಪದ್ರವಗಳಿಂದ 1983ರಲ್ಲಿ ತೀರಿಕೊಂಡಿದ್ದರು. ಕಟ್ಟಡಕ್ಕೆ ಕೊಟ್ಟರೆ ಗೋಡೆಯ ಮೇಲೆ ಹೆಸರು ನಿಲ್ಲುತ್ತದೆ. ಪರೀಕ್ಷೆಗೆ ಕೊಟ್ಟರೆ, ಕೊನೆಗೆ "ಪ್ರಯೋಜನವಿಲ್ಲ" ಎಂಬ ಒಂದು ಸಾಲಿನ ವರದಿಯೂ ಬರಬಹುದು. ಆ ಒಂದು ಸಾಲಿಗಾಗಿಯೂ ಕೈಬಿಚ್ಚಿ ಕೊಡಬಲ್ಲ ದಾನಿಗಳು ಈ ನಗರದಲ್ಲಿ ಇದ್ದಾರೆಂಬುದರಲ್ಲಿ ಸಂದೇಹವಿಲ್ಲ.

1955ರಲ್ಲಿ ರಾಜಾಜಿಯವರು ಬಿ.ಸಿ.ಜಿ. ಆಂದೋಲನವನ್ನು ವಿರೋಧಿಸಿ ಕಿರುಹೊತ್ತಗೆಯನ್ನೇ ಬರೆದರು. ಅವರ ಎಲ್ಲ ಭಯಗಳೂ ನಿಜವಾಗಲಿಲ್ಲ. ಆದರೂ ಜನರಿಗೆ ತಿಳಿಯಹೇಳದೆ ಸೂಜಿ ಚುಚ್ಚಬಾರದೆಂಬ ಕಾಳಜಿ ಇಂದಿಗೂ ಸಲ್ಲುತ್ತದೆ. 1930ರಲ್ಲಿ ಜರ್ಮನಿಯ ಲ್ಯೂಬೆಕ್‌ನಲ್ಲಿ ಈ ಲಸಿಕೆಗೆ ಜೀವಂತ ಕ್ಷಯಾಣು ಬೆರೆತು 72 ಶಿಶುಗಳು ಸತ್ತದ್ದನ್ನು ಮರೆಯಲಾಗದು. ಪರೀಕ್ಷೆ ಮೊದಲು ಒಪ್ಪಿಗೆ ಕೊಡಬಲ್ಲ ವಯಸ್ಕರಲ್ಲಿ ನಡೆಯಲಿ, ಮಕ್ಕಳ ಸರದಿ ಆಮೇಲೆ. ಅಲ್ಲಿಯವರೆಗೆ ಯಾವ ತಂದೆತಾಯಿಗಳೂ ಸುದ್ದಿಯನ್ನು ನಂಬಿ ಈ ಲಸಿಕೆಯನ್ನು ಹುಡುಕಿಕೊಂಡು ಹೋಗುವುದಾಗಲಿ, ಇನ್ಸುಲಿನ್ನನ್ನು ಒಂದು ಹೊತ್ತಾದರೂ ಬಿಡಿಸುವುದಾಗಲಿ ಕೂಡದು. ವಿದ್ಯಾರ್ಥಿನಿಲಯಗಳಲ್ಲಿ ಅದನ್ನಿಡಲು ತಂಪು ಪೆಟ್ಟಿಗೆಯ ಒಂದು ಮೂಲೆಯೂ, ತರಗತಿಯ ನಡುವೆ ಎದ್ದು ಎರಡು ಚಮಚ ಸಕ್ಕರೆ ತಿನ್ನಲು ಮಗುವಿಗೆ ಅನುಮತಿಯೂ ಇರಬೇಕು. ಇದಕ್ಕೆ ಯಾವ ಪರೀಕ್ಷೆಯ ಫಲವನ್ನೂ ಕಾಯಬೇಕಾಗಿಲ್ಲ. ಬರುವ ಜೂನ್ ತಿಂಗಳಲ್ಲಿ ಶಾಲೆ ತೆರೆಯುವ ದಿನವೇ ಮಾಡಬಹುದು.