ಒಂದು ಗಂಟೆಯ ಹಾರಾಟದಲ್ಲಿ ಕನ್ನಡಕ್ಕೆ ಎರಡು ನಿಮಿಷವಿಲ್ಲವೇ?



ಬೆಂಗಳೂರಿನಿಂದ ಬೆಳಗಾವಿಗೆ ರಸ್ತೆಯಲ್ಲಿ ಸುಮಾರು 500 ಕಿ.ಮೀ.; ಬಸ್ಸಿನಲ್ಲಿ ಇಡೀ ರಾತ್ರಿಯ ಪ್ರಯಾಣ. ಆಕಾಶಮಾರ್ಗದಲ್ಲಿ ಸುಮಾರು 440 ಕಿ.ಮೀ.; ಹಾರಾಟ ಹೆಚ್ಚುಕಡಿಮೆ ಒಂದು ಗಂಟೆ. ನಕಾಶೆಯ ಮೇಲೆ ನೇರ ಗೆರೆ ಎಳೆದು ನೋಡಿ. ತುಮಕೂರು, ಚಿತ್ರದುರ್ಗ, ದಾವಣಗೆರೆ, ಹಾವೇರಿ, ಧಾರವಾಡ ಜಿಲ್ಲೆಗಳ ಮೇಲೆ ಹಾಯುವ ಆ ಗೆರೆ ಎಲ್ಲಿಯೂ ಕರ್ನಾಟಕದ ಗಡಿ ದಾಟುವುದಿಲ್ಲ. ಏರುವುದು ಕನ್ನಡ ನೆಲದಿಂದ, ಇಳಿಯುವುದು ಕನ್ನಡ ನೆಲಕ್ಕೆ. ಆದರೆ ಬಾಗಿಲು ಮುಚ್ಚಿದೊಡನೆ ಬಹುಪಾಲು ನಡೆಯುವುದು ಹಿಂದಿ, ಇಂಗ್ಲಿಷುಗಳ ದರ್ಬಾರು!

ವಿಮಾನ ನಿಲ್ದಾಣಗಳಲ್ಲಿ ಪ್ರಕಟಣೆ ಮೊದಲು ಸ್ಥಳೀಯ ಭಾಷೆಯಲ್ಲಿರಬೇಕೆಂದು ಕೇಂದ್ರ ಸರ್ಕಾರ 2018ರ ಡಿಸೆಂಬರಿನಲ್ಲಿ ಸೂಚಿಸಿತು. ಅದು ನಿಲ್ದಾಣದ ಮಾತಾಯಿತು. ವಿಮಾನದೊಳಗಿನ ಗತಿಯೇನು? ಯಾರೋ ಒಬ್ಬ ಪೈಲಟ್ ಕನ್ನಡದಲ್ಲಿ ನಮಸ್ಕಾರ ಹೇಳಿದರೆ ಅದು ಅವರ ಅಭಿಮಾನ. ನಮಗೆ ಬೇಕಾದದ್ದು ನಿಯಮ.

'ವಿಮಾನ ಹತ್ತುವವರಿಗೆ ಇಂಗ್ಲಿಷ್ ಬರುತ್ತದೆ' ಎಂಬ ಸಬೂಬು ಇನ್ನು ಸಾಕು. ಚಿಕಿತ್ಸೆಗೆಂದು ಬೆಂಗಳೂರಿಗೆ ಹೊರಟ ಬೈಲಹೊಂಗಲದ ಅಜ್ಜಿಗೆ ಬರುತ್ತದೆಯೇ? ಸೀಟುಪಟ್ಟಿ ಬಿಚ್ಚುವುದು ಹೇಗೆ, ಆಮ್ಲಜನಕದ ಮುಖವಾಡ ಹಾಕಿಕೊಳ್ಳುವುದು ಹೇಗೆ, ತುರ್ತು ಬಾಗಿಲು ಎಲ್ಲಿದೆ ಎಂಬುದು ಉಪಚಾರದ ಮಾತಲ್ಲ. ಜೀವ ಉಳಿಸುವ ಮಾತು. ಟಿಕೆಟಿಗೆ ಆಕೆಯೂ ಎಲ್ಲರಷ್ಟೇ ಹಣ ಕೊಟ್ಟಿದ್ದಾಳೆ!

ಕನ್ನಡದ ಧ್ವನಿಮುದ್ರಿಕೆಗೆ ಎಷ್ಟು ಖರ್ಚಾದೀತು? ಒಮ್ಮೆ ಮುದ್ರಿಸಿದರೆ ವರ್ಷಗಟ್ಟಲೆ ಬಂದೀತು.

ಓದುಗರೇ, ಮುಂದಿನ ಸಲ ವಿಮಾನ ಹತ್ತಿದಾಗ ಸುಮ್ಮನೆ ಕೂರಬೇಡಿ. ಸಿಬ್ಬಂದಿಯನ್ನು ಕನ್ನಡದಲ್ಲೇ ಕೇಳಿ. ಇಳಿದ ಮೇಲೆ ಸಂಸ್ಥೆಗೆ ಕನ್ನಡದಲ್ಲೇ ದೂರು ಬರೆಯಿರಿ. ನಿಮ್ಮ ಸಂಸದರಿಗೂ ಒಂದು ಪ್ರತಿ ಕಳಿಸಿ. ನಾವು ಬೇಡುತ್ತಿರುವುದು ಭಿಕ್ಷೆಯಲ್ಲ, ಹಕ್ಕು!

ಸಿರಿಗನ್ನಡಂ ಗೆಲ್ಗೆ!