ಹೆತ್ತವಳ ಊರು ಯಾವುದು?

ನಮ್ಮ ಮಹಿಳಾ ಮಂಡಳದ ಸಭೆಯಲ್ಲಿ ಮೊನ್ನೆ ಒಬ್ಬರು ಹೆಣ್ಣು ಭ್ರೂಣಹತ್ಯೆಯ ಬಗ್ಗೆ ಮಾತಾಡಿದರು. ಓದಿಕೊಂಡ ಹೆಂಗಸು, ಒಳ್ಳೆಯ ಮನಸ್ಸಿನವರು. ಕೈಯಲ್ಲೊಂದು ಚೀಟಿ ಇತ್ತು. ಪಂಜಾಬು, ಗುಜರಾತು ಎಂದು ಓದುತ್ತಾ ಹೋದವರು ಕೊನೆಗೆ ಲಕ್ಷದ್ವೀಪಕ್ಕೆ ಬಂದರು. “ನೋಡಿ, 2018ರ ಜನನ ನೋಂದಣಿಯಲ್ಲಿ ಸಾವಿರ ಗಂಡುಮಕ್ಕಳಿಗೆ ಅಲ್ಲಿ 839 ಹೆಣ್ಣುಮಕ್ಕಳು. ಪಂಜಾಬಿನಲ್ಲೇ 896 ಇರುವಾಗ ಇವರದು ಅದಕ್ಕಿಂತ ಕಡೆ! ಸಮುದ್ರದ ನಡುವೆ ಇದ್ದರೇನು, ಹೆಣ್ಣೆಂದರೆ ಅಲ್ಲೂ ತಾತ್ಸಾರವೇ” ಎಂದರು. ಎಲ್ಲರೂ ಅಯ್ಯೋ ಪಾಪ ಎಂದರು. ಅಷ್ಟರಲ್ಲಿ ಚಹಾ ಬಂತು.

ನಾನು ಏನೂ ಹೇಳಲಿಲ್ಲ. ಹೇಳಬೇಕಿತ್ತು. ಪುರಸಭೆಯೊಂದರ ಜನನ-ಮರಣ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಕ್ಲಾರ್ಕ್ ಆಗಿ ಕೂತು ಎದ್ದವಳು ನಾನು. ಇಂಥ ಅಂಕಿಗಳು ಯಾವ ಒಲೆಯ ಮೇಲೆ ಬೇಯುತ್ತವೆ ಎಂದು ನನಗೆ ಗೊತ್ತು. ಅಂದು ನುಂಗಿಕೊಂಡ ಮಾತನ್ನು ಇಲ್ಲಿ ಆಡುತ್ತೇನೆ.

ಲಕ್ಷದ್ವೀಪವೆಂದರೆ ನಮಗೆ ಪ್ರವಾಸದ ಚಿತ್ರ: ನೀಲಿ ನೀರು, ಬಿಳಿ ಮರಳು. ಆದರೆ ನಮ್ಮ ಕರಾವಳಿಗೆ ಅದು ಅಷ್ಟು ದೂರದ ಊರಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಅಮಿನ್‌ದಿವಿ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಮಂಗಳೂರಿನ ಹಳೆ ಬಂದರಿನಿಂದ ಮಂಜಿಗಳು ಅಕ್ಕಿ, ತರಕಾರಿ, ಕಲ್ಲು, ಮರಳು ಹೊತ್ತು ಅಲ್ಲಿಗೆ ಹೋಗಿ ಬರುತ್ತಿದ್ದುದನ್ನು ನೋಡಿಯೇ ನಾವು ಬೆಳೆದವರು. ಜನವಸತಿ ಇರುವ ದ್ವೀಪಗಳು ಹತ್ತು. ಎಲ್ಲ ದ್ವೀಪ ಕೂಡಿಸಿದರೂ ನೆಲ 32 ಚದರ ಕಿಲೋಮೀಟರು. 2011ರ ಜನಗಣತಿಯಲ್ಲಿ ಒಟ್ಟು ಜನ 64,473, ಬಿತ್ರದಲ್ಲಂತೂ 271. ನಮ್ಮ ಕಡೆಯ ಒಂದು ಪಟ್ಟಣದಷ್ಟು ಜನ, ಅಷ್ಟೆ.

ಈಗ ಇನ್ನೊಂದು ಅಂಕಿ ಕೇಳಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ತಮ್ಮ ಐದನೆಯ ಸುತ್ತಿನಲ್ಲಿ ಇದೇ ದ್ವೀಪಗಳಿಗೆ ಹೋಗಿ, ಆಯ್ದ ಮನೆಗಳ ಹೆಂಗಸರನ್ನೇ ಕೇಳಿದರು. ಹಿಂದಿನ ಐದು ವರ್ಷಗಳಲ್ಲಿ ಹುಟ್ಟಿದ ಮಕ್ಕಳಲ್ಲಿ ಸಾವಿರ ಗಂಡಿಗೆ 1,051 ಹೆಣ್ಣು ಎಂಬ ಲೆಕ್ಕ ಬಂತು. ಹೆಚ್ಚುಕಡಿಮೆ ಅದೇ ಕಾಲ, ಅದೇ ದ್ವೀಪ, ಅದೇ ತಾಯಂದಿರು. ಒಂದು ಕಡೆ 839, ಇನ್ನೊಂದು ಕಡೆ 1,051. ಇವುಗಳಲ್ಲಿ ಯಾವುದನ್ನು ಹಿಡಿದುಕೊಂಡು ನಾವು ಆ ಹೆಂಗಸರನ್ನು ಬೈಯುವುದು? ಯಾವುದನ್ನು ಹಿಡಿದುಕೊಂಡು ಹೊಗಳುವುದು?

ನನ್ನನ್ನು ಕೇಳಿದರೆ ಎರಡೂ ಬೇಡ. ಮೊದಲು ಚೌಕಾಬಾರ ಆಡಿದವರಂತೆ ಯೋಚಿಸೋಣ. ನಾಲ್ಕು ಕವಡೆ ಹಾಕಿದಾಗ ಒಮ್ಮೊಮ್ಮೆ ನಾಲ್ಕೂ ಅಂಗಾತ ಬೀಳುತ್ತವೆ. ಹಾಗೆಂದು ಕವಡೆಗೆ ಯಾರೋ ಮಾಟ ಮಾಡಿದ್ದಾರೆ ಎನ್ನುತ್ತೇವೆಯೆ? ಪ್ರಕೃತಿಯಲ್ಲಿ ನೂರು ಹೆಣ್ಣು ಹುಟ್ಟುವಲ್ಲಿ ಸುಮಾರು ನೂರೈದು ಗಂಡು ಹುಟ್ಟುತ್ತವೆ. ಒಂದು ಊರಿನಲ್ಲಿ ವರ್ಷಕ್ಕೆ ಐನೂರು ಹೆರಿಗೆ ಎಂದಿಟ್ಟುಕೊಳ್ಳಿ. 256 ಗಂಡು, 244 ಹೆಣ್ಣು ಬಂದರೆ ಅನುಪಾತ 953. ಹದಿನಾಲ್ಕು ಮನೆಗಳಲ್ಲಿ ಹೆಣ್ಣಿನ ಬದಲು ಗಂಡು ಹುಟ್ಟಿತೆನ್ನಿ, ಅದು 852ಕ್ಕೆ ಇಳಿಯುತ್ತದೆ. ಹದಿನಾಲ್ಕು ಮನೆಗಳಲ್ಲಿ ಗಂಡಿನ ಬದಲು ಹೆಣ್ಣು ಹುಟ್ಟಿತೆನ್ನಿ, 1,066ಕ್ಕೆ ಏರುತ್ತದೆ. ಯಾರೂ ಯಾವ ಪಾಪವನ್ನೂ ಮಾಡದೆ ಹತ್ತು ವರ್ಷಕ್ಕೊಮ್ಮೆ ಅಷ್ಟು ಇಳಿಯಬಹುದು, ಇನ್ನೊಮ್ಮೆ ಅಷ್ಟು ಏರಬಹುದು. ಐದು ಲಕ್ಷ ಹೆರಿಗೆಯ ರಾಜ್ಯದಲ್ಲಿ ಹದಿನಾಲ್ಕು ಮಗು ಲೆಕ್ಕಕ್ಕೇ ಬಾರದು. ಅಲ್ಲಿ 896 ಎಂದರೆ ಅದು ನಿಜವಾಗಿಯೂ ಎದೆ ಒಡೆಯುವ ಸಂಗತಿ. ಎರಡನ್ನೂ ಒಂದೇ ಚೀಟಿಯಲ್ಲಿ ಬರೆದು ಓದುವುದು ಆನೆಯನ್ನೂ ಇರುವೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ ಹಾಗೆ.

ಆದರೆ ನನ್ನ ನಿಜವಾದ ತಕರಾರು ಇದಲ್ಲ. ಅದು ಹೆರಿಗೆ ಮಂಚದ ಬಗ್ಗೆ.

1969ರ ಜನನ-ಮರಣ ನೋಂದಣಿ ಕಾಯಿದೆಯ ಪ್ರಕಾರ ಮಗು ಯಾವ ಊರಿನಲ್ಲಿ ಹುಟ್ಟಿತೋ ಆ ಊರಿನಲ್ಲೇ ಅದರ ನೋಂದಣಿ. ಇಪ್ಪತ್ತೊಂದು ದಿನದೊಳಗೆ ವರದಿ ಹೋಗಬೇಕು. ಆಸ್ಪತ್ರೆಯಲ್ಲಾದರೆ ಆಸ್ಪತ್ರೆಯವರೇ ಕಳಿಸಬೇಕು. ತಾಯಿ ಎಲ್ಲಿಯವಳಾದರೂ ಸರಿ, ಮಗು ಮಾತ್ರ ಆ ಮಂಚ ಇರುವ ಊರಿನ ಲೆಕ್ಕಕ್ಕೆ. ದ್ವೀಪದ ಬಸುರಿಗೆ ಸ್ವಲ್ಪ ತೊಡಕು ಕಂಡಿತೋ, ಅವಳನ್ನು ಕೊಚ್ಚಿಗೆ ಕಳಿಸುತ್ತಾರೆ. ದ್ವೀಪ ಯಾವುದು ಎನ್ನುವುದರ ಮೇಲೆ ಇನ್ನೂರರಿಂದ ನಾನೂರು ಕಿಲೋಮೀಟರು ಸಮುದ್ರ. ಆ ಮಗು ಹುಟ್ಟಿದಾಗ ಅದು ಕೇರಳದ ಅಂಕಿ. ದ್ವೀಪದ ಪುಸ್ತಕದಲ್ಲಿ ಉಳಿಯುವುದು ಅಲ್ಲೇ ಹೆರಿಗೆಯಾದವರ ಮಕ್ಕಳು ಮಾತ್ರ. ಮೊದಲೇ ಸಣ್ಣ ಸಂಖ್ಯೆ, ಅದರಲ್ಲೂ ಅರೆಬರೆ. ಅದನ್ನೇ ನಾವು ಆ ಊರಿನ ಹೆಂಗಸರ ನಡತೆಯ ಸರ್ಟಿಫಿಕೇಟು ಎಂದು ಓದುತ್ತೇವೆ!

ನನ್ನ ಮಗಳ ಬಾಣಂತನದಲ್ಲಿ ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಐದು ದಿನ ಇದ್ದೆ. ಪಕ್ಕದ ಮಂಚದಲ್ಲಿ ಕಿಲ್ತಾನಿನ ಒಬ್ಬ ಹೆಂಗಸು. ಅವಳ ಮಾತು ಮಲಯಾಳದ ಹಾಗಿದ್ದೂ ಮಲಯಾಳವಲ್ಲ. ಬ್ಯಾರಿ ಮಾತಾಡುವ ಒಬ್ಬ ನರ್ಸಮ್ಮ ನಮ್ಮಿಬ್ಬರ ನಡುವೆ ಸೇತುವೆಯಾದಳು. ಮಳೆಗಾಲ ಹಿಡಿದರೆ ಸಮುದ್ರ ದಾಟುವುದು ಕಷ್ಟವೆಂದು ಅವಳು ಎರಡು ತಿಂಗಳು ಮೊದಲೇ ತಾಯಿಯೊಂದಿಗೆ ಬಂದು ಬಾಡಿಗೆ ಕೋಣೆ ಹಿಡಿದಿದ್ದಳು. ದೊಡ್ಡ ಮಕ್ಕಳಿಬ್ಬರು ಅಲ್ಲಿ, ಇವಳು ಇಲ್ಲಿ. “ನನ್ನ ಮೊದಲನೆಯದು ಕವರತ್ತಿಯದು, ಎರಡನೆಯದು ಕೊಚ್ಚಿಯದು, ಇದು ನಿಮ್ಮೂರಿನದು. ಕಿಲ್ತಾನಿನದು ಒಂದೂ ಇಲ್ಲ, ಅಕ್ಕಾ” ಎಂದು ನಕ್ಕಳು. ನಾನೂ ನಕ್ಕೆ. ಆಮೇಲೆ ರಾತ್ರಿ ನಿದ್ದೆ ಬರಲಿಲ್ಲ. ಮೂರು ಹೆತ್ತ ತಾಯಿ, ಅವಳ ಊರಿನ ಪುಸ್ತಕದಲ್ಲಿ ಬಂಜೆ.

ಆ ದ್ವೀಪಗಳ ಹೆಂಗಸರನ್ನು ನಾನು ದೇವತೆಗಳೆಂದು ಹೇಳುತ್ತಿಲ್ಲ. ಅಲ್ಲಿ ಬಹುತೇಕ ಕಡೆ ವಂಶ ತಾಯಿಯಿಂದ. ಮನೆತನದ ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತದೆ. ಮಗಳು ಮದುವೆಯಾದರೂ ತಾಯಿಮನೆಯಲ್ಲೇ ಉಳಿಯುತ್ತಾಳೆ, ಗಂಡ ರಾತ್ರಿ ಬಂದು ಹೋಗುತ್ತಾನೆ. ಲೀಲಾ ದುಬೆ ಅವರು ಕಲ್ಪೇನಿ ದ್ವೀಪದ ಈ ಪದ್ಧತಿಯನ್ನು ಕುರಿತು 1969ರಲ್ಲೇ ಪುಸ್ತಕ ಬರೆದರು. ಅಳಿಯಸಂತಾನವನ್ನು ಕಂಡ ತುಳುನಾಡಿನವರಿಗೆ ಇದು ಹೊಸದೇನಲ್ಲ. ಹೆಣ್ಣಿಲ್ಲದಿದ್ದರೆ ಮನೆಯೇ ಮುಂದುವರಿಯದ ಕಡೆ ಹೆಣ್ಣುಶಿಶುವಿನ ಮೇಲೆ ಹಗೆ ಎಂದು ಹೇಳುವ ಮೊದಲು ಎರಡು ಬಾರಿ ಯೋಚಿಸಬೇಕಿತ್ತು. ಹಾಗೆಂದು ಕಣ್ಣು ಮುಚ್ಚಿಕೊಳ್ಳುವುದೂ ಬೇಡ. ಜನಗಣತಿಯವರು ಆಸ್ಪತ್ರೆಯ ಮಂಚವನ್ನಲ್ಲ, ಮನೆಯ ಬಾಗಿಲನ್ನು ತಟ್ಟುತ್ತಾರೆ. ಅವರ ಲೆಕ್ಕದಲ್ಲಿ ಆರು ವರ್ಷದವರೆಗಿನ ಮಕ್ಕಳ ಅನುಪಾತ 2001ರಲ್ಲಿ 959 ಇದ್ದದ್ದು 2011ರಲ್ಲಿ 911ಕ್ಕೆ ಇಳಿಯಿತು. ಅಲ್ಲೂ ಮಕ್ಕಳ ಸಂಖ್ಯೆ ಏಳು ಸಾವಿರದ ಆಸುಪಾಸು, ಆದರೂ ವಿಚಾರಿಸಬೇಕಾದ ಮಾತೇ. ವಿಚಾರಿಸೋಣ. ವಿಚಾರಣೆ ಬೇರೆ, ಚೀಟಿ ಓದಿ ತೀರ್ಪು ಕೊಡುವುದು ಬೇರೆ.

ಯಾಕೆಂದರೆ ಅಂಕಿ ಸುಮ್ಮನೆ ಕೂರುವುದಿಲ್ಲ, ಅದು ಹೋಗಿ ಯಾರದೋ ಬಾಗಿಲು ತಟ್ಟುತ್ತದೆ. 2021ರಲ್ಲಿ ಲಕ್ಷದ್ವೀಪದ ಆಡಳಿತ ಪಂಚಾಯಿತಿ ನಿಯಮಗಳ ಒಂದು ಕರಡು ತಂದಿತು. ಎರಡಕ್ಕಿಂತ ಹೆಚ್ಚು ಮಕ್ಕಳಿದ್ದವರು ಪಂಚಾಯಿತಿ ಚುನಾವಣೆಗೆ ನಿಲ್ಲುವಂತಿಲ್ಲ ಎಂಬ ಮಾತು ಅದರಲ್ಲಿತ್ತು. ದ್ವೀಪದ ಜನ ದೊಡ್ಡ ದನಿಯಲ್ಲೇ ವಿರೋಧಿಸಿದರು. ಆಗ ಸಮೀಕ್ಷೆ ಏನು ಹೇಳುತ್ತಿತ್ತು ಗೊತ್ತೆ? ಅಲ್ಲಿಯ ಹೆಣ್ಣಿಗೆ ಸರಾಸರಿ ಮಕ್ಕಳು 1.4. ಎರಡೂ ಇಲ್ಲ! ಹೊಟ್ಟೆಗೆ ಅರೆಪಾಲು ಉಣ್ಣುವವಳ ಮುಂದೆ ನಿಂತು “ಹೆಚ್ಚು ತಿನ್ನಬೇಡ” ಎಂದ ಹಾಗಾಯಿತು. ಹೆಣ್ಣುಮಗು ಕಡಿಮೆಯಾಯಿತೆಂದು ಒಬ್ಬರು ಬೈಯುತ್ತಾರೆ, ಮಗು ಹೆಚ್ಚಾಯಿತೆಂದು ಇನ್ನೊಬ್ಬರು ಬೈಯುತ್ತಾರೆ. ಹೆರಿಗೆಗೆ ಎರಡು ತಿಂಗಳು ಮನೆ ಬಿಟ್ಟು ಯಾಕೆ ಹೋಗಬೇಕಾಯಿತು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಇದೆಲ್ಲ ದ್ವೀಪದ ಕತೆ, ನಮಗೇನು ಎನ್ನುತ್ತೀರೆ? ನಿಮ್ಮ ಮೊದಲ ಮಗು ಎಲ್ಲಿ ಹುಟ್ಟಿತು, ನೆನಪು ಮಾಡಿಕೊಳ್ಳಿ. ತವರಿನಲ್ಲಿ ಅಲ್ಲವೆ? ಏಳನೆಯ ತಿಂಗಳಲ್ಲಿ ಸೀಮಂತ ಮಾಡಿಸಿಕೊಂಡು, ಮಡಿಲು ತುಂಬಿಸಿಕೊಂಡು ಅಮ್ಮನ ಮನೆಗೆ ಹೋದಿರಿ. ನಿಮ್ಮ ಮಗುವಿನ ಹೆಸರು ತವರೂರಿನ ಪುಸ್ತಕದಲ್ಲಿದೆ. ಅದು ಸಂತೋಷದ ಪಯಣ, ಅದರ ಬಗ್ಗೆ ನನ್ನ ದೂರಿಲ್ಲ. ಆದರೆ ಗತಿಯಿಲ್ಲದ ಪಯಣವೂ ಇದೆ. ಭಟ್ಕಳದವಳು ಕುಂದಾಪುರಕ್ಕೋ ಮಣಿಪಾಲಕ್ಕೋ, ಶಿರಸಿಯವಳು ಹುಬ್ಬಳ್ಳಿಗೋ ಓಡುವುದು ಸಂತೋಷಕ್ಕಲ್ಲ. ಉತ್ತರ ಕನ್ನಡದ ಜನ 2019ರಲ್ಲೂ 2022ರಲ್ಲೂ ನಮಗೊಂದು ದೊಡ್ಡ ಆಸ್ಪತ್ರೆ ಕೊಡಿ ಎಂದು ಕೂಗಿದ್ದು ಸುಮ್ಮನೆ ಅಲ್ಲ. ಹೊರಗೆ ಹೋಗಿ ಹೆತ್ತ ಪ್ರತಿ ಮಗುವೂ ಹೊರಗಿನ ಊರಿನ ಲೆಕ್ಕ. ಆಗ ಸಭೆಯಲ್ಲಿ ಕೂತವರು ಹೇಳುತ್ತಾರೆ: ಈ ತಾಲ್ಲೂಕಿನಲ್ಲಿ ಹೆರಿಗೆಯೇ ಕಡಿಮೆ, ಇಲ್ಲಿಗೆ ಇನ್ನೊಬ್ಬ ಹೆರಿಗೆ ಡಾಕ್ಟರು ಏಕೆ, ಅರಿವಳಿಕೆಯವರು ಏಕೆ? ಡಾಕ್ಟರಿಲ್ಲದ್ದರಿಂದ ಹೆಂಗಸರು ಊರು ಬಿಡುತ್ತಾರೆ. ಊರು ಬಿಟ್ಟದ್ದರಿಂದ ಡಾಕ್ಟರು ಬರುವುದಿಲ್ಲ. ಗಾಣದ ಎತ್ತಿನ ದಾರಿ.

2020ರಲ್ಲಿ ಕೊರೋನಾ ಹೊತ್ತಿಗೆ ತಲಪಾಡಿಯ ಗಡಿ ಮುಚ್ಚಿದಾಗ ಕಾಸರಗೋಡಿನ ರೋಗಿಗಳನ್ನು ಅಲ್ಲಿಂದಲೇ ತಿರುಗಿಸಿ ಕಳಿಸಿದ್ದು ನಿಮಗೆ ನೆನಪಿರಬಹುದು. ಅದುವರೆಗೆ ಅಲ್ಲಿಯ ಎಷ್ಟೋ ತಾಯಂದಿರ ಮಕ್ಕಳು ಮಂಗಳೂರಿನ ಪುಸ್ತಕದಲ್ಲಿ ಹುಟ್ಟಿದವರು. ಪುಸ್ತಕಕ್ಕೆ ಬೇಕಾಗಿದ್ದ ತಾಯಿ ಗಡಿಗೆ ಬೇಡವಾದಳು.

ನನ್ನ ಹಳೆಯ ಸಹೋದ್ಯೋಗಿಯೊಬ್ಬರು ವಾದಿಸುತ್ತಾರೆ: “ಹುಟ್ಟಿದ ಜಾಗವೇ ಸತ್ಯ. ಸರ್ಟಿಫಿಕೇಟಿನಲ್ಲಿ ಬೇರೆ ಊರು ಬರೆಯಲು ಆಗುತ್ತದೆಯೆ, ಮೇಡಂ?” ಖಂಡಿತ ಆಗದು, ಆಗಲೂಬಾರದು. ಶಾಲೆಗೆ, ಪಾಸ್‌ಪೋರ್ಟಿಗೆ ಹುಟ್ಟಿದ ಊರೇ ಬೇಕು. 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗಂತೂ ಈ ಪ್ರಮಾಣಪತ್ರ ಇನ್ನೂ ದೊಡ್ಡ ಆಧಾರ. ನಾನು ಕೇಳುವುದು ಅದಲ್ಲ. ಜನನ ವರದಿಯ ನಮೂನೆಯಲ್ಲಿ ಎರಡು ಭಾಗಗಳಿವೆ. ಒಂದು ಕಾನೂನಿನದು, ಸರ್ಟಿಫಿಕೇಟು ಬರುವುದು ಅದರಿಂದ. ಇನ್ನೊಂದು ಅಂಕಿ-ಅಂಶದ್ದು. ಅದರಲ್ಲಿ ತಾಯಿಯ ಓದು, ಅವಳ ವಯಸ್ಸು, ಇದು ಎಷ್ಟನೆಯ ಮಗು ಎಂಬ ಪ್ರಶ್ನೆಗಳ ಜೊತೆಗೆ ತಾಯಿ ವಾಸಿಸುವ ಊರು ಯಾವುದು ಎಂಬ ಪ್ರಶ್ನೆಯೂ ಇದೆ. ಅಂದರೆ ಕೇಳಬೇಕಾದದ್ದನ್ನು ಸರಕಾರ ಕೇಳಿಯೇ ಕೇಳಿದೆ. ಉತ್ತರವನ್ನು ಎತ್ತಿ ಮುಂದಿಡಲಿ. ಜಿಲ್ಲೆಗೆ, ತಾಲ್ಲೂಕಿಗೆ, ದ್ವೀಪಕ್ಕೆ ಎಷ್ಟು ಮಕ್ಕಳು ಎಂದು ಹೇಳುವಾಗ ಹೆತ್ತವಳ ಊರನ್ನು ಹಿಡಿದು ಹೇಳಲಿ. ಎಷ್ಟು ತಾಯಂದಿರು ಊರು ಬಿಟ್ಟು ಹೆತ್ತರು ಎಂಬುದನ್ನೂ ಪಕ್ಕದಲ್ಲೇ ಅಚ್ಚು ಹಾಕಲಿ. ಆ ಒಂದು ಸಾಲು ಅಚ್ಚಾದರೆ, ಆಸ್ಪತ್ರೆ ಎಲ್ಲಿ ಬೇಕು ಎಂದು ಕೂಗುವ ಅಗತ್ಯವೇ ಇರದು, ಪುಸ್ತಕವೇ ಕೂಗುತ್ತದೆ.

ಇಷ್ಟೆಲ್ಲ ಹೇಳುವ ಯೋಗ್ಯತೆ ನನಗೆ ಇದೆಯೆ? ಪೂರ್ತಿ ಇಲ್ಲ. ಆ ನಮೂನೆಯ ಎರಡನೆಯ ಭಾಗ ನನ್ನ ಮೇಜಿಗೆ ಬರುವಾಗ ಎಷ್ಟೋ ಸಲ ತಾಯಿಯ ಊರಿನ ಜಾಗ ಖಾಲಿ ಇರುತ್ತಿತ್ತು. ತಿಂಗಳ ಕೊನೆ, ಮೇಲಿನವರ ಒತ್ತಡ, ಮನೆಯಲ್ಲಿ ಜ್ವರದ ಮಗು. ಆಸ್ಪತ್ರೆಗೆ ಫೋನು ಮಾಡಿ ಕೇಳಬಹುದಿತ್ತು. ನಾನು ನಮ್ಮ ಪಟ್ಟಣದ ಹೆಸರನ್ನೇ ಬರೆದು ಮುಂದಕ್ಕೆ ಕಳಿಸಿಬಿಡುತ್ತಿದ್ದೆ. ಅದರಿಂದ ಯಾರಿಗೇನು ನಷ್ಟ ಎಂದುಕೊಂಡಿದ್ದೆ. ಘಟ್ಟದ ಮೇಲಿನ ಯಾವ ಹಳ್ಳಿಯ ಎಷ್ಟು ತಾಯಂದಿರನ್ನು ನನ್ನ ಪೆನ್ನು ಊರಿಲ್ಲದವರನ್ನಾಗಿ ಮಾಡಿತೋ! ಕಿಲ್ತಾನಿನವಳ ನಗೆ ಕೇಳಿದ ರಾತ್ರಿ ನಿದ್ದೆ ಬರದಿದ್ದುದು ಅದಕ್ಕೆ.

ಹಾಗಾಗಿ ಇದನ್ನು ಓದುತ್ತಿರುವ ತಾಯಂದಿರಲ್ಲಿ, ಅಜ್ಜಿಯಂದಿರಲ್ಲಿ ಒಂದು ಮಾತು. ಮನೆಯಲ್ಲಿ ಹೆರಿಗೆಯಾದಾಗ ಗಂಡಸರು ಸಿಹಿ ಹಂಚಲು ಹೋಗುತ್ತಾರೆ, ಹೋಗಲಿ. ಆಸ್ಪತ್ರೆಯ ಕಾಗದ ಬಂದಾಗ ನೀವು ಕನ್ನಡಕ ಹಾಕಿಕೊಂಡು ಕೂತುಕೊಳ್ಳಿ. ತಾಯಿ ವಾಸಿಸುವ ಊರು ಎಂಬ ಸಾಲು ಎಲ್ಲಿದೆ ಎಂದು ಕೇಳಿ. ತವರೂರನ್ನೂ ಅಲ್ಲ, ಆಸ್ಪತ್ರೆಯ ಊರನ್ನೂ ಅಲ್ಲ, ಅವಳು ಒಲೆ ಹಚ್ಚುವ ಊರನ್ನು ಬರೆಸಿ. ಕಂಪ್ಯೂಟರಿನಲ್ಲಿ ತಾನಾಗಿ ಬರುತ್ತದೆ ಎಂದರೆ, ಬಂದದ್ದನ್ನು ತೋರಿಸಿ ಎನ್ನಿ.

ಮುಂದಿನ ಸಭೆಯಲ್ಲಿ ನಾನೂ ಒಂದು ಚೀಟಿ ಒಯ್ಯುವವಳಿದ್ದೇನೆ. ಅದರಲ್ಲಿ ಅಂಕಿ ಇರುವುದಿಲ್ಲ. ಕೂತವರನ್ನೆಲ್ಲ ಒಬ್ಬೊಬ್ಬರಾಗಿ ಕೇಳುತ್ತೇನೆ: ನಿಮ್ಮ ಮನೆ ಎಲ್ಲಿ, ನಿಮ್ಮ ಮಕ್ಕಳು ಹುಟ್ಟಿದ್ದು ಎಲ್ಲಿ, ಅಲ್ಲಿಗೆ ಯಾಕೆ ಹೋದಿರಿ? ಬರೆದುಕೊಂಡು, ಚಹಾ ಬರುವ ಮೊದಲೇ ಓದಿಬಿಡುತ್ತೇನೆ.